ಥ್ರಿಲ್ಲರ್, ಗ್ರಾಫಿಕ್ ಕಾದಂಬರಿ, ಮಕ್ಕಳ ಪುಸ್ತಕ: ಎಲ್ಲಕ್ಕೂ ಒಂದೇ ಥರ ವಿಮರ್ಶೆ ಬರೆಯಬಹುದಾ?

ಹೊಸ ಪುಸ್ತಕಗಳ ಬಗ್ಗೆ ಬರೆಯಲು ಶುರು ಮಾಡಬೇಕು ಅಂತಿದ್ದೀರಿ. ಎಲ್ಲ ಬಗೆಯ ಪುಸ್ತಕವನ್ನೂ ಒಂದೇ ಕಣ್ಣಲ್ಲಿ ನೋಡಬಹುದಾ, ಕಥೆಯ ಗುಟ್ಟು ಬಿಟ್ಟುಕೊಡದೆ ಬರೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದವನು. ಇಲ್ಲಿನ ಒಂದು ಸಣ್ಣ ಪತ್ರಿಕೆಗೆ ಆಗಾಗ ಪುಸ್ತಕಗಳ ಬಗ್ಗೆ ಬರೆಯುತ್ತೇನೆ. ನನ್ನ ಪ್ರಕಾರ ಒಂದೇ ಥರ ನೋಡಲು ಆಗುವುದಿಲ್ಲ. ಈ ಪುಸ್ತಕ ಯಾರಿಗೆ, ಏನು ಕೊಡಲು ಹೊರಟಿದೆ ಅಂತ ಮೊದಲು ಕೇಳಿಕೊಳ್ಳಿ. ಅದನ್ನು ಕೊಟ್ಟಿತಾ ಅಂತ ಆಮೇಲೆ ನೋಡಿ. ಥ್ರಿಲ್ಲರ್ ಓದಿ 'ಸಾಮಾಜಿಕ ಕಾಳಜಿ ಸಾಲದು' ಅಂತ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಥ್ರಿಲ್ಲರನ್ನು ಎರಡು ಸಲ ಓದಿ. ಮೊದಲ ಸಲ ಸುಮ್ನೆ ಓದಿ, ನಿದ್ದೆ ಕೆಟ್ಟರೂ ಸರಿ. ಎರಡನೇ ಸಲ ಓದುವಾಗ ಕೊಲೆ ಮಾಡಿದವರು ಯಾರು ಅಂತ ಗೊತ್ತಿರುತ್ತದೆ. ನಿಮ್ಮ ಕೆಲಸ ಶುರುವಾಗೋದು ಆಗ. ಸುಳಿವುಗಳು ಮುಂಚೆಯೇ ಕಣ್ಣೆದುರು ಇದ್ದವಾ? ಅಥವಾ ಕೊನೆಯ ನಾಲ್ಕು ಪುಟದಲ್ಲಿ ಎಲ್ಲಿಂದಲೋ ಒಬ್ಬ ಕಳೆದುಹೋದ ತಮ್ಮ ಬಂದು ಎಲ್ಲ ಒಪ್ಪಿಕೊಂಡನಾ?

ಮಲೆನಾಡನ್ನು ಥ್ರಿಲ್ಲರ್ ಬರೆಯುವವರು ಬಿಡೋದೇ ಇಲ್ಲ. ಮಳೆ, ಕಾಡು, ಒಂಟಿ ಮನೆ, ಕೈಕೊಡುವ ಕರೆಂಟು. ಹೆದರಿಸಲು ಬೇಕಾದ್ದೆಲ್ಲ ಇಲ್ಲಿ ರೆಡಿ ಇದೆ. ಹೀಗೊಂದು ಪುಸ್ತಕದಲ್ಲಿ ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಕೊಲೆಯಾಗುತ್ತದೆ, ಜುಲೈ ತಿಂಗಳಲ್ಲಿ. ಅಂಗಳದಲ್ಲಿ ಒಣಗಲು ಹರವಿದ್ದ ಅಡಿಕೆಯ ಮೇಲೆ ಯಾರೋ ನಡೆದ ಗುರುತು ನೋಡಿ ಪತ್ತೇದಾರ ಅಪರಾಧಿಯನ್ನು ಹಿಡಿಯುತ್ತಾನೆ. (ಪುಸ್ತಕದ ಹೆಸರು ಹೇಳುತ್ತಿಲ್ಲ, ಹಾಗಾಗಿ ಗುಟ್ಟು ಬಿಟ್ಟರೂ ತೊಂದರೆ ಇಲ್ಲ.) ಜುಲೈನಲ್ಲಿ ಅಂಗಳದಲ್ಲಿ ಅಡಿಕೆ! ಆಗ ತೋಟದವರು ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಒಂದೆರಡು ದಿನ ಹೊಳವಾದರೆ ಸಾಕು ಅಂತ ಕಾಯುತ್ತಿರುತ್ತಾರೆ. ಕೊಯ್ಲು, ಸುಲಿಯೋದು, ಬೇಯಿಸೋದು, ಒಣಗಿಸೋದು ಎಲ್ಲ ಮಳೆಗಾಲ ಕಳೆದ ಮೇಲೆ. ಇದು ಬರೀ ವರ್ಣನೆಯಲ್ಲಿ ಬಂದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇಡೀ ಕೇಸು ಅದರ ಮೇಲೇ ನಿಂತಿದೆ. ಹಾಗಾಗಿ ವಿಮರ್ಶೆಯಲ್ಲಿ 'ಕೇಸು ಬಿಡಿಸುವ ಮುಖ್ಯ ಸುಳಿವು ಮಲೆನಾಡಿನ ಮಳೆಗಾಲದಲ್ಲಿ ಸಿಗಲು ಸಾಧ್ಯವಿಲ್ಲ' ಅಂತ ಬರೆದೆ. ಅಡಿಕೆಯ ಮಾತೇ ಎತ್ತಲಿಲ್ಲ. ಗುಟ್ಟು ಬಿಡದೆ ದೋಷ ಹೇಳೋದು ಅಂದರೆ ಇಷ್ಟೇ. ಕಥೆಯನ್ನು ಬೆನ್ನುಡಿಯಲ್ಲಿ ಇರುವಷ್ಟು ಹೇಳಿ, ಸಾಕು.

ಮಲೆನಾಡಿನ ಯಾವ ಥ್ರಿಲ್ಲರ್ ಬಂದರೂ ತೇಜಸ್ವಿಯವರ 'ಜುಗಾರಿ ಕ್ರಾಸ್' ಪಕ್ಕ ಇಟ್ಟು ನೋಡುವ ಚಟ ನಮ್ಮ ಕಡೆ ಇದೆ. ಏಲಕ್ಕಿ ಮಾರಲು ಹೊರಟ ಸುರೇಶ-ಗೌರಿ ಅಷ್ಟು ಗಟ್ಟಿಯಾಗಿ ಮನಸ್ಸಲ್ಲಿ ಕೂತಿದ್ದಾರೆ. ಮೊದಲ ಪುಸ್ತಕ ಬರೆದವರಿಗೆ ಇದು ಅನ್ಯಾಯ. ಹೋಲಿಸಲೇಬೇಕಿದ್ದರೆ ಈಚೆಗೆ ಬಂದ ಇನ್ನೊಂದು ಥ್ರಿಲ್ಲರ್ ಜೊತೆ ಹೋಲಿಸಿ.

ಗ್ರಾಫಿಕ್ ಕಾದಂಬರಿಯ ವಿಮರ್ಶೆಗಳಲ್ಲಿ ಕಥೆಯ ಬಗ್ಗೆ ಒಂದು ಪುಟ ಇರುತ್ತದೆ, ಕೊನೆಗೆ 'ಚಿತ್ರಗಳೂ ಚೆನ್ನಾಗಿವೆ' ಅಂತ ಒಂದು ಸಾಲು. ಅಲ್ಲಿ ಚಿತ್ರವೇ ಕಥೆ, ಅಲ್ವಾ? ಮಾತುಗಳನ್ನು ಕೈಯಲ್ಲಿ ಮುಚ್ಚಿ ಬರೀ ಚಿತ್ರ ನೋಡಿ. ಯಾರಿಗೆ ಯಾರ ಮೇಲೆ ಸಿಟ್ಟು ಅಂತಾದರೂ ತಿಳಿಯಬೇಕು. ಚಿತ್ರದಲ್ಲಿ ಮಳೆ ಸುರಿಯುತ್ತಿರುವಾಗ ಮೇಲೆ 'ಮಳೆ ಸುರಿಯುತ್ತಿತ್ತು' ಅಂತ ಬರೆದಿದ್ದರೆ ಆ ಸಾಲು ದಂಡ. ಅನುವಾದವಾದರೆ ಅಕ್ಷರವನ್ನೂ ನೋಡಿ. ಇಂಗ್ಲಿಷ್ ಮಾತಿಗೆ ಅಂತ ಬರೆದ ಗುಳ್ಳೆಯೊಳಗೆ ಕನ್ನಡವನ್ನು ತುರುಕಿರುತ್ತಾರೆ. ನಮ್ಮ ಒತ್ತಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಜಾಗ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಕಲಸಿಹೋಗುತ್ತದೆ. ಕಾಸು ಕೊಟ್ಟು ತಗೊಳ್ಳುವವರಿಗೆ ಇದು ಗೊತ್ತಿರಬೇಕು. ಚಿತ್ರ ಬರೆದವರ ಹೆಸರನ್ನು ಲೇಖಕರ ಹೆಸರಿನ ಪಕ್ಕದಲ್ಲೇ ಹಾಕಿ.

ಮಕ್ಕಳ ಪುಸ್ತಕವನ್ನು ಒಬ್ಬರೇ ಕೂತು ಓದಿ ಬರೆಯಬೇಡಿ. ಒಂದು ಮಗುವಿಗೆ ಗಟ್ಟಿಯಾಗಿ ಓದಿ ಹೇಳಿ. ನಾನು ಅಕ್ಕನ ಮಗಳಿಗೆ ಓದುತ್ತೇನೆ. ಬೇಜಾರಾದರೆ ಅವಳು ಮುಲಾಜಿಲ್ಲದೆ ಬೆಕ್ಕು ಹುಡುಕಿಕೊಂಡು ಹೋಗುತ್ತಾಳೆ. ಅವಳು ಎದ್ದ ಪುಟಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಜಾಸ್ತಿ ಗುರುತು ಬೀಳೋದು ಅಜ್ಜ ಬುದ್ಧಿ ಹೇಳಲು ಶುರು ಮಾಡುವ ಜಾಗದಲ್ಲೇ. ಮಕ್ಕಳಿಗೆ ಕಷ್ಟದ ವಿಷಯ ಬೇಡ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಶರಾವತಿಯಲ್ಲಿ ಊರು ಮುಳುಗಿದವರ ಬದುಕನ್ನು ದೊಡ್ಡವರಿಗಾಗಿ ಬರೆದ ಸಾಗರದ ನಾ. ಡಿಸೋಜ ಮಕ್ಕಳಿಗೂ 'ಮುಳುಗಡೆಯ ಊರಿಗೆ ಬಂದವರು' ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು.

ಇನ್ನು ಮುಲಾಜಿನ ವಿಷಯ. ಸಣ್ಣ ಊರಲ್ಲಿ ಇದೇ ದೊಡ್ಡ ತಲೆನೋವು. ಈ ವಾರ ನೀವು ಬೈದ ಲೇಖಕರು ಮುಂದಿನ ವಾರ ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ಆಪ್ತರ ಪುಸ್ತಕದ ಬಗ್ಗೆ ನಾನು ಬರೆಯುವುದೇ ಇಲ್ಲ. ಗೌರವ ಪ್ರತಿ ಬಂದಿದ್ದರೆ ಹಾಗಂತ ಬರೆದುಬಿಡುತ್ತೇನೆ. ಪುಸ್ತಕ ಹಿಡಿಸದಿದ್ದರೆ ಅದರ ಎರಡು ಸಾಲನ್ನು ಇದ್ದ ಹಾಗೇ ಎತ್ತಿ ಕೊಟ್ಟು, ಯಾಕೆ ಹಿಡಿಸಲಿಲ್ಲ ಅಂತ ಹೇಳಿ. ಲೇಖಕರು ಜಗಳಕ್ಕೆ ಬಂದರೂ ಆಗ ಆ ಎರಡು ಸಾಲಿನ ಬಗ್ಗೆಯೇ ಜಗಳ ಆಡಬೇಕಾಗುತ್ತದೆ.