‘ನೀವ್ ನೋಡ್ಕೊಂಡ್ ಬನ್ನಿ, ನಾನ್ ಕಾರಲ್ಲೇ ಕೂತಿರ್ತೀನಿ’

ಪತ್ರ: ಸಂಪಾದಕರಿಗೆ ನಮಸ್ಕಾರ. ಅಮ್ಮಂಗೆ ಎಪ್ಪತ್ಮೂರು, ಎರಡೂ ಮಂಡಿ ನೋವು. ಕೋಲು ಹಿಡ್ಕೊಂಡು ಹತ್ತು ನಿಮಿಷ ನಡೀತಾರೆ, ಆಮೇಲೆ ಕೂರ್ಲೇಬೇಕು. ಬರೋ ತಿಂಗಳು ಒಂದು ಶನಿವಾರ ಕೊಚ್ಚಿಯಿಂದ ಕ್ರೂಸ್ ಇದೆ, ಗುರುವಾರಾನೇ ಹೋಗಿ ಊರು ನೋಡೋಣ ಅಂತಿದೀವಿ. ಯಜಮಾನ್ರು ಎರಡು ದಿನಕ್ಕೂ ಡ್ರೈವರ್ ಸಮೇತ ಕಾರ್ ಬುಕ್ ಮಾಡು ಅಂತಾರೆ. ನಂಗೆ ಬೋಟು, ಆಟೋ ಅಂತ ಓಡಾಡೋ ಆಸೆ. ಹನ್ನೊಂದು ಜಾಗದ ಪಟ್ಟಿ ಮಾಡಿಟ್ಟಿದೀನಿ. ಕಾರಿಲ್ದೆ ಅಮ್ಮನ್ನ ಕರ್ಕೊಂಡು ಹೋಗೋದು ಹುಚ್ಚಾ? – ಓದುಗರೊಬ್ಬರು, ಬಸವನಗುಡಿ

ಹುಚ್ಚಲ್ಲ ತಾಯಿ. ಹುಚ್ಚು ಇರೋದು ಆ ಹನ್ನೊಂದು ಜಾಗದ ಪಟ್ಟೀಲಿ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಯಜಮಾನ್ರಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡ್ತೀನಿ. ಕೊಚ್ಚೀಲಿ ಸೆಕೆ ಜಾಸ್ತಿ, ಎಸಿ ಕಾರು ಹಾಯಾಗಿರತ್ತೆ, ಬ್ಯಾಗ್ ಹೊರೋ ರಗಳೆ ಇಲ್ಲ. ಶನಿವಾರ ಹಡಗು ಹತ್ತೋಕೆ ಲಗೇಜ್ ಜೊತೆ ಟ್ಯಾಕ್ಸೀಲೇ ಹೋಗಿ, ಅದ್ರಲ್ಲಿ ನಂದೇನೂ ತಕರಾರಿಲ್ಲ. ಆಯ್ತು, ಅವರ ಕಡೆ ವಾದ ಮುಗೀತು.

ಈಗ ನನ್ ಕಥೆ ಕೇಳಿ. ಕೆಲವು ವರ್ಷದ ಹಿಂದೆ ನಮ್ಮಮ್ಮಂಗೆ ಮೈಸೂರು, ಶ್ರೀರಂಗಪಟ್ಟಣ ತೋರಿಸ್ತೀವಿ ಅಂತ ದೊಡ್ಡ ಗಾಡಿ ಮಾಡ್ಕೊಂಡು ಹೊರಟ್ವಿ. ಆ ಗಾಡಿ ಎಷ್ಟು ಎತ್ತರ ಅಂದ್ರೆ ಅಮ್ಮ ಹತ್ತೋಕೆ ಬಚ್ಚಲಮನೆ ಪ್ಲಾಸ್ಟಿಕ್ ಸ್ಟೂಲನ್ನ ಡಿಕ್ಕೀಲಿ ಹಾಕ್ಕೊಂಡು ಹೋಗಿದ್ವಿ. ಪ್ರತಿ ಜಾಗದಲ್ಲೂ ಸ್ಟೂಲ್ ಇಳಿಸೋದು, ಅಮ್ಮನ್ನ ಇಳಿಸೋದು, ಮತ್ತೆ ಸ್ಟೂಲ್ ಇಡೋದು, ಹಿಂದಿಂದ ಒಬ್ರು ತಳ್ಳೋದು, ಒಳಗಿಂದ ಒಬ್ರು ಎಳಿಯೋದು. ಪಾರ್ಕಿಂಗ್ ನೋಡಿದ್ರೆ ಗೇಟಿಂದ ಎಲ್ಲೋ ದೂರ, ಕಾರ್ ಇದ್ರೆ ನಡಿಯೋದು ಕಮ್ಮಿ ಅಂತ ಯಾವ ಪುಣ್ಯಾತ್ಮ ಹೇಳಿದ್ನೋ. ನಾಲ್ಕನೇ ಜಾಗ ಬರೋ ಹೊತ್ತಿಗೆ ಅಮ್ಮ ಹೇಳಿದ್ರು, ‘ನೀವ್ ನೋಡ್ಕೊಂಡ್ ಬನ್ನಿ, ನಾನ್ ಕಾರಲ್ಲೇ ಕೂತಿರ್ತೀನಿ.’ ಈ ಮಾತು ನಿಮ್ಮನೇಲೂ ಕೇಳಿರ್ತೀರ. ನಾವೋ, ಅಮ್ಮಂಗೆ ಆಸಕ್ತಿ ಇಲ್ಲ ಅಂದ್ಕೊಂಡು ನೋಡ್ಕೊಂಡ್ ಬಂದ್ವಿ. ಅಮ್ಮ ನಡೆದಿದ್ದಾದ್ರೂ ಎಷ್ಟು, ಹತ್ತಿ ಇಳಿದೇ ಸುಸ್ತಾಗಿದ್ರು ಅಂತ ಹೊಳೆದಿದ್ದು ಮಾರನೇ ದಿನ ಆ ಸ್ಟೂಲನ್ನ ವಾಪಸ್ ಬಚ್ಚಲಮನೇಲಿ ಇಡ್ವಾಗ.

ಅದೇ ಅಮ್ಮ ಈಗ ಶಕ್ತಿ ಯೋಜನೆ ಬಂದ್ಮೇಲೆ, ಅಂದ್ರೆ 2023ರ ಜೂನ್ 11ರಿಂದ ಈಚೆಗೆ, ಆಧಾರ್ ಕಾರ್ಡ್ ಪರ್ಸಲ್ಲಿಟ್ಕೊಂಡು ಬಸ್ಸಲ್ಲಿ ತಂಗಿ ಮನೆಗೆ ಹೋಗಿ ಬರ್ತಾರೆ. ಬಸ್ಸಿಗೂ ಮೆಟ್ಟಿಲಿದೆ, ಬೈಕೊಂಡೇ ಹತ್ತುತ್ತಾರೆ, ಆದ್ರೆ ಒಂದ್ಸಲ ಹತ್ತಿ ಒಂದ್ಸಲ ಇಳಿಯೋದು ಅಷ್ಟೇ ತಾನೆ. ಮನೆಗೆ ಬಂದು ಪಕ್ಕದ ಸೀಟ್ನೋರ ಸೊಸೆ ಪುರಾಣ ಪೂರ್ತಿ ಹೇಳ್ತಾರೆ. ಮೈಸೂರಿಂದ ಅಷ್ಟು ದುಡ್ಡು ಸುರಿದು ಬಂದಾಗ ಹೇಳೋಕೆ ಏನೂ ಇರ್ಲಿಲ್ಲ.

ಹಾಗಾಗಿ ಮಂಡಿ ನೋವಿರೋರ ಜೊತೆ ಹೊರಟಾಗ ಕಿಲೋಮೀಟರ್ ಬಿಟ್ಟು ಮೆಟ್ಟಿಲು ಎಣಿಸಿ. ಈ ಲೆಕ್ಕದಲ್ಲಿ ಕೊಚ್ಚಿ ನಿಮಗೆ ಒಲಿದು ಬಂದ ಊರು. 2023ರ ಏಪ್ರಿಲ್‌ನಲ್ಲಿ ಅಲ್ಲಿ ವಾಟರ್ ಮೆಟ್ರೋ ಶುರುವಾಯ್ತು, ಕರೆಂಟ್ ಬೋಟುಗಳು, ಅಲ್ಲಿನ ಶಿಪ್‌ಯಾರ್ಡಲ್ಲೇ ಕಟ್ಟಿದ್ದು. ನಂಗೆ ಬೋಟಿಗಿಂತ ಇಷ್ಟವಾಗಿದ್ದು ಅದರ ಕಟ್ಟೆ, ಅಂದ್ರೆ ಬೋಟ್ ಹತ್ತಿ ಇಳಿಯೋ ಜಾಗ. ಅದು ನೀರ ಮೇಲೆ ತೇಲತ್ತೆ. ಭರತ ಬಂದ್ರೆ ಬೋಟಿನ ಜೊತೆ ತಾನೂ ಏರತ್ತೆ, ಇಳಿತ ಬಂದ್ರೆ ತಾನೂ ಇಳಿಯತ್ತೆ, ಹಂಗಾಗಿ ಕಟ್ಟೆ ಮತ್ತು ಬೋಟಿನ ನೆಲ ಯಾವಾಗ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ, ಗಾಲಿಕುರ್ಚಿ ಸೀದಾ ಒಳಗೆ ಉರುಳತ್ತೆ. ಯಾರೋ ಇಂಜಿನಿಯರ್ ಕೂತ್ಕೊಂಡು ನಿಮ್ಮಮ್ಮನ ಮಂಡಿ ಬಗ್ಗೆ ಯೋಚ್ನೆ ಮಾಡಿದಾನೆ ನೋಡಿ. ಇಂಥದ್ದಕ್ಕೆ ನಮ್ಮಲ್ಲಿ ಯಾರೂ ಹಾರ ಹಾಕಲ್ಲ.

ಹೋಗೋಕೆ ವಂದೇ ಭಾರತ್ ಇದೆ, ಬೆಳಗಿನ ಜಾವ ಐದರ ಸುಮಾರಿಗೆ ಬೆಂಗಳೂರು ಬಿಟ್ರೆ ಮಧ್ಯಾಹ್ನ ಊಟದ ಹೊತ್ತು ಮೀರೋದ್ರೊಳಗೆ ಎರ್ನಾಕುಳಂ, ಅಂದ್ರೆ ಕೊಚ್ಚಿ. (ರೈಲಲ್ಲಿ ಹಿರಿಯ ಹೆಂಗಸರಿಗೆ ಅರ್ಧ ಚಾರ್ಜ್ ರಿಯಾಯಿತಿ ಇತ್ತಲ್ಲ, 2020ರ ಮಾರ್ಚಲ್ಲಿ ಕೊರೋನಾ ನೆಪದಲ್ಲಿ ನಿಲ್ಲಿಸಿದ್ರು. ಕೊರೋನಾ ಹೋಯ್ತು, ನೆಪ ಉಳೀತು.) ರೂಮನ್ನ ಮರೀನ್ ಡ್ರೈವ್ ಹತ್ರ ಮಾಡಿ. ಸಂಜೆ ಅಲ್ಲೇ ನೀರಿನ ಪಕ್ಕ ಕೂತ್ಕೊಳ್ಳಿ, ಗುರುವಾರಕ್ಕೆ ಅಷ್ಟೇ ಸಾಕು. ಶುಕ್ರವಾರ ಬಿಸಿಲೇರೋ ಮುಂಚೆ ಆಟೋ ಹಿಡಿದು ವಾಟರ್ ಮೆಟ್ರೋದ ಹೈಕೋರ್ಟ್ ಕಟ್ಟೆಗೆ ಹೋಗಿ, ಅಲ್ಲಿಂದ ಫೋರ್ಟ್ ಕೊಚ್ಚಿಗೆ ಇಪ್ಪತ್ತು ನಿಮಿಷದ ಬೋಟು. ಇದೇ ದಾರೀನ ಕಾರಲ್ಲಿ ಸೇತುವೆ ಮೇಲೆ ಸುತ್ತಿ ಹೋಗ್ಬೋದು, ಆದ್ರೆ ಮುಂದಿನ ಲಾರಿ ಹಿಂದೆ ಬರೆದಿರೋದನ್ನ ಓದ್ಕೊಂಡು ಹೋಗೋಕೆ ಕೊಚ್ಚಿ ತನಕ ಯಾಕೆ, ಸಿಲ್ಕ್ ಬೋರ್ಡಲ್ಲೇ ಸಿಗತ್ತೆ.

ಇಳಿದ ಹತ್ರಾನೇ ಚೀನಾ ಬಲೆಗಳು. ಆ ದೊಡ್ಡ ಮರದ ತೊಲೆ, ಹಗ್ಗಕ್ಕೆ ಕಟ್ಟಿರೋ ಕಲ್ಲುಗಳ ಭಾರ, ನಾಲ್ಕೈದು ಜನ ಜಗ್ಗಿದ್ರೆ ಬಲೆ ಮೇಲೇಳತ್ತೆ, ಮೀನು ಬಿತ್ತೋ ಇಲ್ವೋ ನೋಡ್ತಾರೆ, ಮತ್ತೆ ಮುಳುಗಿಸ್ತಾರೆ. ಇದು ಕೂತ್ಕೊಂಡೇ ನೋಡೋ ಆಟ. ಅಮ್ಮಂಗೆ ಅರ್ಧ ಗಂಟೆ ಬೇಕಾ, ಒಂದು ಗಂಟೆ ಬೇಕಾ, ಬಿಟ್ಬಿಡಿ. ‘ಸರ್ ಎಲ್ಲಿದೀರಾ’ ಅಂತ ಫೋನ್ ಮಾಡೋ ಡ್ರೈವರ್ ಇರಲ್ಲ. ಆಮೇಲೆ ಆಟೋದಲ್ಲಿ ಸೇಂಟ್ ಫ್ರಾನ್ಸಿಸ್ ಚರ್ಚು. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚೀಲೇ ಸತ್ತ, ಮೊದಲು ಹೂತಿದ್ದು ಅಲ್ಲೇ, ಆಮೇಲೆ ಅಸ್ಥಿ ಪೋರ್ಚುಗಲ್‌ಗೆ ತಗೊಂಡು ಹೋದ್ರು. ಅವನೂ ಹಡಗಲ್ಲಿ ಬಂದು ಕಾರಿಲ್ದೆ ಊರು ನೋಡಿದೋನೇ ಅಂತ ಯಜಮಾನ್ರಿಗೆ ಹೇಳಿ. ಶಕ್ತಿ ಉಳಿದ್ರೆ ಮಟ್ಟಾಂಚೇರಿ ಕಡೆ ಒಂದು ಸುತ್ತು. ಅಲ್ಲಿ ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ ಗೋವಾದಿಂದ ಪೋರ್ಚುಗೀಸರ ಕಾಟಕ್ಕೆ ಬಂದು ನೆಲೆಸಿದ ಕೊಂಕಣಿಗರಿದ್ದಾರೆ, ಆ ಬೀದೀಲಿ ಮಾತು ಕಿವಿಗೆ ಬಿದ್ರೆ ಇದು ಮಂಗಳೂರಾ ಅಂತ ಅನುಮಾನ ಬರತ್ತೆ. ಅಷ್ಟೇ. ವಾಪಸ್ ಬೋಟು, ಊಟ, ನಿದ್ದೆ. ಹನ್ನೊಂದರಲ್ಲಿ ಮೂರಾಯ್ತು, ಉಳಿದ ಎಂಟು ನಿಮ್ಮ ಪಟ್ಟೀಲೇ ಸುಖವಾಗಿರ್ಲಿ.

ಹೋಗೋ ಮುಂಚೆ ಒಂದು ಭಾನುವಾರ ಇಲ್ಲೇ ರಿಹರ್ಸಲ್ ಮಾಡಿ. ಮನೆಯಿಂದ ಆಟೋ, ನ್ಯಾಷನಲ್ ಕಾಲೇಜ್ ಸ್ಟೇಷನಲ್ಲಿ ಲಿಫ್ಟು, ಮೆಟ್ರೋ ಹತ್ತಿ ಪಕ್ಕದ ಲಾಲ್‌ಬಾಗ್‌ಗೆ ಹೋಗಿ, ಒಳಗೆ ಬ್ಯಾಟರಿ ಗಾಡಿ ಇದೆ. ಆ ಹಸಿರು ಮಾರ್ಗದ ತುಂಡು ಉದ್ಘಾಟನೆ ಆಗಿದ್ದು, ಕೊಚ್ಚಿ ಮೆಟ್ರೋ ಉದ್ಘಾಟನೆ ಆಗಿದ್ದು ಒಂದೇ ದಿನ, 2017ರ ಜೂನ್ 17. ಅಮ್ಮ ಎಲ್ಲಿ ನಿಂತ್ರು, ಎಷ್ಟು ಹೊತ್ತಿಗೆ ಕೂತ್ರು, ಎಲ್ಲಿ ಮುಖ ಸಿಂಡರಿಸಿದ್ರು ನೋಡ್ಕೊಳ್ಳಿ.

ಮುಖ ಸಿಂಡರಿಸೋದು ಎಲ್ಲಿ ಅಂತ ನಾನೇ ಹೇಳ್ತೀನಿ, ಸ್ಟೇಷನ್ನಿಂದ ಹೊರಗೆ ಬಂದ್ಮೇಲೆ. ನಮ್ಮೂರಿನ ಫುಟ್‌ಪಾತ್ ಒಂದೋ ಮೊಣಕಾಲೆತ್ತರ, ಇಲ್ಲಾ ಇಲ್ವೇ ಇಲ್ಲ. ಇದ್ದ ಕಡೆ ಟ್ರಾನ್ಸ್‌ಫಾರ್ಮರ್ರು. ರಸ್ತೆ ದಾಟೋಕೆ ಸ್ಕೈವಾಕ್ ಅಂತೆ! ಕಾರಲ್ಲಿ ಕೂತೋನು ಮೂವತ್ತು ಸೆಕೆಂಡ್ ನಿಲ್ಲಬಾರ್ದು ಅಂತ ಕೋಲು ಹಿಡಿದೋರು ಮಹಡಿ ಹತ್ತಿ ಇಳೀಬೇಕು. ನಮ್ಮ ಆಫೀಸ್ ಹತ್ರದ ಒಂದರಲ್ಲಿ ಲಿಫ್ಟ್ ಇದೆ, ಅದರ ಬಾಗಿಲಿಗೆ ಸರಪಳಿ ಬಿಗಿದಿದಾರೆ, ಮೇಲೆ ಅಷ್ಟಗಲ ಜಾಹೀರಾತು ಮಾತ್ರ ರಾತ್ರಿಯಿಡೀ ಜಗಮಗ. ಅದರಲ್ಲಿರೋದು ಕಾರಿನ ಜಾಹೀರಾತು, ನಾನ್ ಸುಳ್ಳು ಹೇಳ್ತಿಲ್ಲ. ಡಾಕ್ಟ್ರು ದಿನಾ ನಡೀರಿ ಅಂತಾರೆ, ನಡಿಯೋಕೆ ಜಾಗ ಬೇಕು ಅಂದ್ರೆ ಪಾರ್ಕಿಗೆ ಕಾರಲ್ಲಿ ಹೋಗಿ ಅಂತಾರೆ. ವಯಸ್ಸಾದೋರು ಮನೇಲಿರ್ಲಿ ಅಂತಾನೇ ಈ ಊರು ಕಟ್ಟಿದ್ದೋ ಏನೋ.

ಇರ್ಲಿ, ಎಲ್ಲಿಂದ ಎಲ್ಲಿಗೋ ಬಂದೆ. ಹಡಗು ನಿಲ್ಲೋ ವಿಲಿಂಗ್ಡನ್ ದ್ವೀಪ ಇದೆಯಲ್ಲ, ಅದು ಬ್ರಿಟಿಷರ ಕಾಲದಲ್ಲಿ ರಾಬರ್ಟ್ ಬ್ರಿಸ್ಟೋ ಅನ್ನೋ ಇಂಜಿನಿಯರ್ ಬಂದರಿಗೆ ಅಂತ ಸಮುದ್ರದ ತಳ ಅಗೆಸಿದಾಗ ಬಂದ ಮಣ್ಣು ಹಾಕಿ ಮಾಡಿದ ನೆಲ, ಟ್ಯಾಕ್ಸೀಲಿ ಹೋಗ್ವಾಗ ಅಮ್ಮಂಗೆ ಹೇಳಿ. ಗಾಲಿಕುರ್ಚಿ ಬೇಕು ಅಂತ ಹಡಗಿನೋರಿಗೆ ಈಗ್ಲೇ ಬರೆದು ತಿಳಿಸಿ, ಬಂದರಿನ ಕ್ಯೂನಲ್ಲಿ ನಿಂತು ಕೇಳ್ಬೇಡಿ.

ಇನ್ನೊಂದು. ಪಟ್ಟೀಲಿ ಮಟ್ಟಾಂಚೇರಿ ಅರಮನೆ ಇದ್ದೇ ಇರತ್ತೆ, ಯಜಮಾನ್ರು ಅದನ್ನ ಬಿಡಬೇಡ ಅಂತ ಪಟ್ಟು ಹಿಡೀತಾರೆ. ಮಹಡಿ ಹತ್ಬೇಕು ಅಲ್ಲಿ. ಜಗಳ ಆಡ್ಬೇಡಿ, ಶುಕ್ರವಾರ ಅದಕ್ಕೆ ರಜ.