ಫೆಡರಲ್ ಚಾರ್ಟರ್ ಬಿಟ್ಟು ಸ್ಟೇಟ್ ಚಾರ್ಟರ್‌ಗೆ ಹೋದ್ರೆ ನಮ್ಮ ಕ್ರೆಡಿಟ್ ಯೂನಿಯನ್‌ಗೆ ಎನ್‌ಸಿಯುಎ ಫೀಸಿನ ದುಡ್ಡು ಉಳಿತಾಯ ಆಗುತ್ತಾ?

ಅಮೆರಿಕದಲ್ಲಿ ಒಂದು ಸಣ್ಣ ಫೆಡರಲ್ ಕ್ರೆಡಿಟ್ ಯೂನಿಯನ್ (ಮೆಂಬರ್‌ಗಳೇ ಮಾಲೀಕರಾಗಿರೋ ಸಹಕಾರಿ ಬ್ಯಾಂಕ್ ಥರದ್ದು, ಕೇಂದ್ರ ಸರ್ಕಾರದ ಚಾರ್ಟರ್ ಅಂದ್ರೆ ಪರವಾನಗಿ ಇರೋದು) ಬೋರ್ಡಲ್ಲಿ ನಾನೂ ಆರು ವರ್ಷ ಇದ್ದೆ, ಲೆಕ್ಕ ನೋಡೋದು ನನ್ನ ಕೆಲಸ. ನಮ್ಮ ಮೇಲ್ವಿಚಾರಣೆ ಮಾಡೋ ಫೆಡರಲ್ ಸಂಸ್ಥೆ ಎನ್‌ಸಿಯುಎಯಿಂದ ಆಪರೇಟಿಂಗ್ ಫೀಸಿನ ಬಿಲ್ ಬಂದಾಗೆಲ್ಲ ನಿಮ್ಮ ಥರಾನೇ ನಂಗೂ ಮೈ ಉರೀತಿತ್ತು.

ಆಗ ಫೀಸಿಗೆ ಹಿಂದಿನ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ಆಸ್ತಿ ಇತ್ತೋ ಅದೇ ಲೆಕ್ಕ. ಲಾಭ ಆಯ್ತೋ ನಷ್ಟ ಆಯ್ತೋ ಅವ್ರು ಕೇಳಲ್ಲ, ಒಟ್ಟು ಆಸ್ತಿ ಎಷ್ಟು ಅಷ್ಟೇ. ನಾನು ಮಾಡಿದ ತಪ್ಪು ಇಲ್ಲೇ. 2018ರ ಕೊನೆಗೆ ಆ ಒಂದು ದಿನದ ಆಸ್ತಿ ಕಮ್ಮಿ ಕಾಣ್ಲಿ ಅಂತ, ನವೆಂಬರಲ್ಲಿ ಮೆಚ್ಯೂರ್ ಆಗೋ ಸರ್ಟಿಫಿಕೇಟ್‌ಗಳ (ನಮ್ಮ ಎಫ್‌ಡಿ ಥರದ ಠೇವಣಿ) ಬಡ್ಡಿ ಇಳಿಸೋಣ, ದುಡ್ಡು ಹೋದ್ರೆ ಹೋಗ್ಲಿ, ಜನವರೀಲಿ ಮತ್ತೆ ಏರಿಸಿದ್ರೆ ವಾಪಸ್ ಬರುತ್ತೆ ಅಂತ ಬೋರ್ಡನ್ನ ಒಪ್ಪಿಸ್ದೆ. ಸುಮಾರು 30 ಲಕ್ಷ ಡಾಲರ್ ಹೋಯ್ತು, ವಾಪಸ್ ಬರ್ಲಿಲ್ಲ. ಫೀಸಲ್ಲಿ ಉಳಿದಿದ್ದು ಸಾವಿರ ಡಾಲರೂ ಇಲ್ಲ. ಏಪ್ರಿಲಲ್ಲಿ ಕಾರ್ ಲೋನಿಗೆ ಜನ ಬಂದಾಗ ಕೈಯಲ್ಲಿ ದುಡ್ಡಿಲ್ಲ, ಹೊರಗಿಂದ ಸಾಲ ತಂದ್ವಿ, ಅದಕ್ಕೆ ಕೊಟ್ಟ ಹೆಚ್ಚುವರಿ ಬಡ್ಡಿನೇ ವರ್ಷಕ್ಕೆ 20 ಸಾವಿರ ಡಾಲರ್ ದಾಟ್ತು.

ದುಡ್ಡಿನ ಮಾತು ಬಿಡಿ. ರಿಟೈರ್ ಆಗಿದ್ದ ಸ್ಕೂಲ್ ಬಸ್ ಡ್ರೈವರ್ ಒಬ್ರು, ಇಪ್ಪತ್ತು ವರ್ಷದ ಮೆಂಬರ್, ಬಡ್ಡಿ ಇಳಿಸಿದ್ದ ಸರ್ಟಿಫಿಕೇಟ್ ರಿನ್ಯೂವಲ್ ಲೆಟರ್ ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಕೊಂಡು ಬಂದು ಕೌಂಟರ್ ಮೇಲೆ ಬಿಡಿಸಿಟ್ರು. "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂತ ಕೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ, ಮಾತು ಬರ್ಲಿಲ್ಲ. ಅವ್ರು ಅವತ್ತೇ ಅಕೌಂಟ್ ಕ್ಲೋಸ್ ಮಾಡಿದ್ರು.

ಈಗ ಆ ಉಪಾಯವೂ ನಡೆಯಲ್ಲ, 2021ರಿಂದ ನಾಲ್ಕು ಕ್ವಾರ್ಟರ್ ಕಾಲ್ ರಿಪೋರ್ಟಿನ (ಮೂರು ತಿಂಗಳಿಗೊಮ್ಮೆ ಎನ್‌ಸಿಯುಎಗೆ ಕೊಡೋ ಲೆಕ್ಕಪತ್ರ) ಆಸ್ತಿಯ ಸರಾಸರಿ ಹಿಡೀತಾರೆ.

ಚಾರ್ಟರ್ ವಿಷ್ಯಕ್ಕೆ ಬಂದ್ರೆ, ನಿಮ್ಮ ಪ್ರಶ್ನೆ ಹುಟ್ಟಿರೋ ಜಾಗಾನೇ ಸರಿ ಇಲ್ಲ. ಎನ್‌ಸಿಯುಎಗೆ ಸರ್ಕಾರದ ತೆರಿಗೆ ದುಡ್ಡು ಬರಲ್ಲ. ಖರ್ಚಿನ ಒಂದು ಪಾಲು ಫೆಡರಲ್ ಯೂನಿಯನ್‌ಗಳ ಫೀಸಿಂದ, ಇನ್ನೊಂದು ದೊಡ್ಡ ಪಾಲು ಮೆಂಬರ್‌ಗಳ ಠೇವಣಿಗೆ ವಿಮೆ ಕೊಡೋ ಶೇರ್ ಇನ್ಶೂರೆನ್ಸ್ ಫಂಡಿಂದ, ಅದನ್ನ ಓವರ್‌ಹೆಡ್ ಟ್ರಾನ್ಸ್‌ಫರ್ ಅಂತಾರೆ. ಆ ಫಂಡಲ್ಲಿ ಇನ್ಶೂರ್ಡ್ ಶೇರಿನ (ವಿಮೆ ಇರೋ ಠೇವಣಿಯ) ಶೇಕಡಾ 1ರಷ್ಟು ಡೆಪಾಸಿಟ್ ಫೆಡರಲ್ ಇನ್ಶೂರೆನ್ಸ್ ಇರೋ ಸ್ಟೇಟ್ ಚಾರ್ಟರ್‌ನವ್ರೂ ಇಡ್ಲೇಬೇಕು. ಅದರ ಮೇಲೆ ರಾಜ್ಯದ ರೆಗ್ಯುಲೇಟರ್ ಫೀಸು ಬೇರೆ. ಹಾಗಾಗಿ ಒಂದು ಬಿಲ್ ಹೋಗಿ ಇನ್ನೊಂದು ಬರುತ್ತೆ ಅಷ್ಟೇ. ಇನ್ನೊಂದು, ಆ ಶೇಕಡಾ 1 ಖರ್ಚಲ್ಲ, ನಿಮ್ಮ ಪುಸ್ತಕದಲ್ಲೇ ಆಸ್ತಿಯಾಗಿ ಕೂತಿರುತ್ತೆ. ಇದನ್ನೂ ಫೀಸಿನ ಜೊತೆ ಸೇರಿಸಿ ಬೈಯೋರು ನಮ್ಮ ಬೋರ್ಡಲ್ಲೂ ಇದ್ರು.

ಮೆಂಬರ್‌ಶಿಪ್ ವ್ಯಾಪ್ತಿ ಚಿಕ್ಕದಾಯ್ತು, ರಾಜ್ಯದ ಕಾನೂನಲ್ಲಿ ಜಾಸ್ತಿ ಜನರನ್ನ ಸೇರಿಸ್ಕೋಬಹುದು ಅನ್ನೋದಾದ್ರೆ ಚಾರ್ಟರ್ ಬದಲಾಯಿಸಿ, ಅದು ನ್ಯಾಯವಾದ ಕಾರಣ. ಫೀಸಿಗೋಸ್ಕರ ಬೇಡ. ಹೇಗೂ ಮೆಂಬರ್‌ಗಳ ಓಟು ಬೇಕೇ ಬೇಕು, ಅವ್ರ ಹತ್ರ ಹೋಗೋ ಮುಂಚೆ ರಾಜ್ಯದ ಫೀಸಿನ ಪಟ್ಟಿ ತರಿಸ್ಕೊಂಡು ನಿಮ್ಮ ಈ ವರ್ಷದ ಬಿಲ್ ಪಕ್ಕ ಇಟ್ಟು ನೋಡಿ.