ಚಡಾವಿನ ಮನೆಗೆ ಆಲ್ ವೀಲ್ ಡ್ರೈವ್ ಕಾರು ಬೇಕಾ?

ಮೇ ತಿಂಗಳು ಬಂತೆಂದರೆ ಆಲ್ ವೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಚಕ್ರ ತಿರುಗಿಸಬಲ್ಲ ಕಾರಿನ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಮಲೆನಾಡಿನವರ ಪ್ರಶ್ನೆಯಲ್ಲಿ ನಿಜವಾದ ಕಷ್ಟ ಇರುತ್ತದೆ, ಅದಕ್ಕೆ ಈ ಸಲ ಜಾಸ್ತಿ ಜಾಗ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಮೂಡಿಗೆರೆ ಕಡೆ ತೋಟದ ಮನೆ ನಮ್ಮದು. ಟಾರು ರಸ್ತೆಯಿಂದ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ, ಕೊನೆಗೆ ಚಡಾವು. ಮಳೆಗಾಲದಲ್ಲಿ ಈಗಿನ ಕಾರು ಹತ್ತುವುದಿಲ್ಲ. ಕೆಳಗೇ ಬಿಟ್ಟು ನಡೆಯುತ್ತೇವೆ. ಅಪ್ಪ, ಅಮ್ಮನಿಗೆ ವಯಸ್ಸಾಗಿದೆ. ಒಟ್ಟು ಐದು ಜನ. ಮಾರುತಿಯ ಗ್ರ್ಯಾಂಡ್ ವಿಟಾರಾ ಆಲ್ ವೀಲ್ ಡ್ರೈವ್ ತಗೊಳ್ಳಬೇಕು ಅಂತಿದ್ದೇವೆ. ಪರಿಚಯದ ಸೇಲ್ಸ್‌ನವರು ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಮಾಮೂಲಿ ಮಾಡೆಲ್ ಸಾಕು ಅನ್ನುತ್ತಾರೆ. ಸ್ನೇಹಿತರು ಜಿಮ್ನಿ ಅನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮಗೆ ಆಲ್ ವೀಲ್ ಡ್ರೈವ್ ಬೇಕು. ನನ್ನನ್ನು ಕೇಳುವವರಲ್ಲಿ ಬಹಳ ಜನರಿಗೆ ಬೇಡ, ನಿಮಗೆ ಬೇಕು.

ನಿಮ್ಮ ಈಗಿನ ಕಾರಿನ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಚಡಾವು ಹತ್ತುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಸೀಟಲ್ಲಿ ಮೂರು ಜನ, ಡಿಕ್ಕಿಯಲ್ಲಿ ಸಾಮಾನು ಇದ್ದರೆ ಇನ್ನೂ ಜಾಸ್ತಿ. ಎಳೆಯಬೇಕಾದ ಚಕ್ರಗಳೇ ಹಗುರಾಗಿ ಕೆಸರಲ್ಲಿ ಸುಮ್ನೆ ತಿರುಗುತ್ತವೆ. ಇಂಥ ಕಾರನ್ನು ಹಳಬರು ರಿವರ್ಸಿನಲ್ಲಿ ಚಡಾವು ಹತ್ತಿಸುತ್ತಿದ್ದುದು ಇದಕ್ಕೇ. ಆಗ ಎಳೆಯುವ ಚಕ್ರ ಕೆಳಗಿರುತ್ತದೆ, ಭಾರ ಅದರ ಮೇಲೆ ಬೀಳುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದು ಇಷ್ಟೇ: ಜಾರುವ ಚಕ್ರಕ್ಕೆ ಬ್ರೇಕ್ ಹಿಡಿದು ಪಕ್ಕದ ಚಕ್ರಕ್ಕೆ ಶಕ್ತಿ ಕಳಿಸುತ್ತದೆ, ಇಲ್ಲವೇ ಎಂಜಿನ್ನಿನ ಜೋರು ತಗ್ಗಿಸುತ್ತದೆ. ಎರಡೂ ಚಕ್ರ ಜಾರುತ್ತಿದ್ದರೆ ಅದು ಏನು ತಾನೇ ಮಾಡೀತು? ಸಾಕು ಅಂದವರು ನಿಮ್ಮ ಚಡಾವು ನೋಡಿಲ್ಲ.

ಗ್ರ್ಯಾಂಡ್ ವಿಟಾರಾದಲ್ಲಿ, ಬಿಡದಿಯ ಅದೇ ಕಾರ್ಖಾನೆಯಲ್ಲಿ ತಯಾರಾದ ಟೊಯೊಟಾ ಹೈರೈಡರ್‌ನಲ್ಲಿ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮುಂದೆ ಒಂದು ಕ್ಲಚ್ಚಿನ ಕಟ್ಟು ಇರುತ್ತದೆ. ಟಾರಿನಲ್ಲಿ ಹೋಗುವಾಗ ಹೆಚ್ಚು ಕಡಿಮೆ ಮುಂದಿನ ಚಕ್ರಗಳೇ ಎಳೆಯುತ್ತವೆ. ಮುಂದೆ ಜಾರಿದ ತಕ್ಷಣ ಕಂಪ್ಯೂಟರ್ ಆ ಕ್ಲಚ್ ಬಿಗಿ ಮಾಡಿ ಹಿಂದಕ್ಕೂ ಶಕ್ತಿ ಕೊಡುತ್ತದೆ. ನಿಮ್ಮ ಚಡಾವಿನಲ್ಲಿ ಭಾರ ಇರುವುದು ಅಲ್ಲೇ ಅಲ್ವಾ? ಸ್ನೋ ಮೋಡ್ ಅನ್ನು ನಮಗಲ್ಲ ಅಂತ ಬಿಡಬೇಡಿ, ಮಳೆಗಾಲದ ಜಾರು ಮಣ್ಣಿಗೂ ಅದೇ. ಹಿಂದಿನ ಚಕ್ರಗಳಿಗೂ ಶಕ್ತಿ ಹೋಗುತ್ತಲೇ ಇರುವಂತೆ ಮಾಡುವ ಲಾಕ್ ಮೋಡನ್ನು ಚಡಾವು ಶುರುವಾಗುವ ಮುಂಚೆಯೇ ಹಾಕಿ, ಸಿಕ್ಕಿಕೊಂಡ ಮೇಲಲ್ಲ. ಟಾರು ರಸ್ತೆಗೆ ಬಂದ ಕೂಡಲೇ ತೆಗೆಯಿರಿ.

ಇದು ಜೀಪಲ್ಲ ಅನ್ನುವುದನ್ನೂ ಕೇಳಿಸಿಕೊಳ್ಳಿ. ಜಿಮ್ನಿ, ಥಾರ್ ಥರ ತೀರಾ ನಿಧಾನಕ್ಕೆ, ಜೋರಾಗಿ ಎಳೆಯುವ ಲೋ ಗೇರ್ ಇದರಲ್ಲಿಲ್ಲ. ಎಂಜಿನ್ 1.5 ಲೀಟರ್ ಪೆಟ್ರೋಲ್, ಶಕ್ತಿ 103 ಪಿಎಸ್. ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಎಳೆತ ಇಲ್ಲ. 2022ರಲ್ಲಿ ಬಂದಾಗ ಆಲ್ ವೀಲ್ ಡ್ರೈವ್ ಸಿಕ್ಕಿದ್ದು ಐದು ಗೇರಿನ ಮ್ಯಾನುವಲ್‌ನಲ್ಲಿ. ಅದರಲ್ಲಿ ಅರ್ಧ ಕ್ಲಚ್ ಹಿಡಿದು ಹತ್ತಿಸುತ್ತಿದ್ದರೆ ಪ್ಲೇಟ್ ಸುಟ್ಟು ವಾಸನೆ ಬರುತ್ತದೆ. 2025ರಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಬಂತು, ನಿಮಗೆ ಅದೇ ಇರಲಿ. ಸೆಕೆಂಡ್ ಹ್ಯಾಂಡ್ ನೋಡುವುದಾದರೆ 2014ರಲ್ಲಿ ಬಂದ ಡೀಸೆಲ್ ಡಸ್ಟರ್ ಆಲ್ ವೀಲ್ ಡ್ರೈವ್ ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಗಾಡಿ. ಲೋ ಗೇರ್ ಇಲ್ಲದ್ದಕ್ಕೆ ಮೊದಲ ಗೇರನ್ನೇ ನಿಧಾನವಾಗಿ ಎಳೆಯುವಂತೆ ಮಾಡಿದ್ದರು. ಆದರೆ ಹಳೆ ಗಾಡಿಯ ರಿಪೇರಿ ಖರ್ಚಿಗೆ ತಯಾರಿರಿ.

ಜಿಮ್ನಿ ಬೇಡ. ಚಡಾವನ್ನು ನಗುತ್ತಾ ಹತ್ತುತ್ತದೆ ನಿಜ, ಆದರೆ ಅದರಲ್ಲಿ ನಾಲ್ಕೇ ಸೀಟು. ಐದನೆಯವರು ಯಾರು ನಡೆಯುತ್ತೀರಿ? ವಯಸ್ಸಾದವರನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದ ಮನೆಗೆ ಮೆತ್ತಗೆ ಓಡುವ ಗಾಡಿ ಬೇಕು. ಚಿಕ್ಕ ಆಲ್ ವೀಲ್ ಡ್ರೈವ್ ಎಸ್‌ಯುವಿಯನ್ನು ನಾನು ಮೆಚ್ಚುವುದು ಇದಕ್ಕೇ. ಎಂಟು ತಿಂಗಳು ಮಾಮೂಲಿ ಕಾರು, ಉಳಿದ ನಾಲ್ಕು ತಿಂಗಳು ಮನೆ ಬಾಗಿಲು ಮುಟ್ಟಿಸುವ ಕಾರು.

ಈಗ ನನ್ನ ನಿಜವಾದ ಆತಂಕ ಹೇಳುತ್ತೇನೆ. ಹತ್ತಿದ ಕಾರು ಇಳಿಯಲೂಬೇಕು. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಇಳಿಯುವಾಗ ಆಲ್ ವೀಲ್ ಡ್ರೈವ್‌ನಿಂದ ಬ್ರೇಕ್ ಜಾಸ್ತಿ ಹಿಡಿಯುವುದಿಲ್ಲ. ಹತ್ತಿಸಿದ ಧೈರ್ಯದಲ್ಲೇ ಇಳಿಸುವವರು ತೋಟದ ಕಾಲುವೆಗೆ ಬೀಳುತ್ತಾರೆ. ಮೊದಲ ಗೇರಿನಲ್ಲಿ, ಇಳಿಜಾರಿನಲ್ಲಿ ವೇಗವನ್ನು ತಾನೇ ತಡೆಯುವ ಹಿಲ್ ಡಿಸೆಂಟ್ ಕಂಟ್ರೋಲ್ ಹಾಕಿಕೊಂಡು ಇಳಿಯಿರಿ. ಬ್ರೇಕನ್ನು ಒಮ್ಮೆಗೇ ತುಳಿಯಬೇಡಿ.

ಇಳಿಯುವಾಗ ನಿಮ್ಮನ್ನು ಹಿಡಿದಿಡುವುದು ಟೈರು. ಕಂಪನಿ ಹಾಕಿಕೊಡುವ ಟೈರು ಟಾರಿಗೆ ಮಾಡಿದ್ದು. ಕೆಂಪು ಮಣ್ಣು ಅದರ ಗೀರುಗಳಲ್ಲಿ ತುಂಬಿಕೊಂಡರೆ ಬೋಳು ಟೈರಿಗೂ ಅದಕ್ಕೂ ವ್ಯತ್ಯಾಸ ಇಲ್ಲ. ಟಾರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಹಾಕಿಸಿ, ಅದೇ ಅಳತೆಯದು, ನಾಲ್ಕೂ ಒಂದೇ. ಟಾರಿನಲ್ಲಿ ಸ್ವಲ್ಪ ಸದ್ದು ಬರುತ್ತದೆ, ಸಹಿಸಿಕೊಳ್ಳಿ.

ಇನ್ನೊಂದು ಖರ್ಚು. ಚಡಾವಿನ ತೀರಾ ಕಡಿದಾದ ತುಂಡಿಗೆ ಚಕ್ರ ಓಡುವಷ್ಟು ಅಗಲದ ಎರಡು ಕಾಂಕ್ರೀಟ್ ಪಟ್ಟಿ ಹಾಕಿಸಿ, ಮೇಲೆ ಅಡ್ಡ ಗೀರು ಎಳೆಸಿ. ಪಕ್ಕದಲ್ಲಿ ಚರಂಡಿ ಬಿಡಿಸಿ. ಪಾಚಿ ಕಟ್ಟಿದಾಗ ಉಜ್ಜಿಸಿ. ಈ ಕೆಲಸ ಮಾಡದೆ ಕಾರೊಂದನ್ನೇ ನಂಬಿದರೆ ಜುಲೈ ಮಳೆಗೆ ಯಾವ ಗಾಡಿಯೂ ಕೈಕೊಡಬಹುದು.

ಹಣ ಕೊಡುವ ಮುಂಚೆ ಟೆಸ್ಟ್ ಡ್ರೈವ್ ನಿಮ್ಮ ಚಡಾವಿನಲ್ಲೇ ಕೇಳಿ. ಐದೂ ಜನ ಕೂರಿ. ಹಿಂದಿನ ಸೀಟಿನ ನಡುವೆ ಕೂರುವವರು ಕಾಲಿಡಲು ಜಾಗ ನೋಡಿಕೊಳ್ಳಲಿ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟ್ ಹೋಗುವ ಉಬ್ಬು ಅಲ್ಲೇ ಇರುತ್ತದೆ.

ಪ್ರಶ್ನೆ: ಬೆಂಗಳೂರಲ್ಲಿ ಮಳೆ ಬಂದಾಗ ಅಂಡರ್‌ಪಾಸಿನ ನೀರಲ್ಲಿ ಆಲ್ ವೀಲ್ ಡ್ರೈವ್ ಹೋಗುತ್ತಾ?

ಉತ್ತರ: ಇಳಿಯಬೇಡಿ. ಎಂಜಿನ್ನಿಗೆ ಗಾಳಿಯ ದಾರಿಯಲ್ಲಿ ನೀರು ಹೋದರೆ ಎಷ್ಟು ಚಕ್ರ ತಿರುಗಿದರೂ ಒಂದೇ.

ಪ್ರಶ್ನೆ: ಚಾರ್ಮಾಡಿ, ಶಿರಾಡಿ ಘಾಟಿಗೆ ಬೇಕಾ?

ಉತ್ತರ: ಟಾರು ರಸ್ತೆಗೆ ಬೇಡ. ಒಳ್ಳೆ ಟೈರು ಹಾಕಿಸಿ, ನಿಧಾನಕ್ಕೆ ಹೋಗಿ.

ಪ್ರಶ್ನೆ: ಮೈಲೇಜ್ ತುಂಬಾ ಕಡಿಮೆಯಾ?

ಉತ್ತರ: ಗ್ರ್ಯಾಂಡ್ ವಿಟಾರಾ ಮ್ಯಾನುವಲ್‌ಗೆ ಕಂಪನಿ ಹೇಳಿದ್ದು ಲೀಟರಿಗೆ 21.11 ಕಿಲೋಮೀಟರ್, ಆಲ್ ವೀಲ್ ಡ್ರೈವ್ ಮ್ಯಾನುವಲ್‌ಗೆ 19.38. ಲೆಕ್ಕ ನೀವೇ ಹಾಕಿ.

ಪ್ರಶ್ನೆ: ಎರಡೇ ಟೈರು ಸವೆದಿವೆ, ಎರಡೇ ಬದಲಿಸಬಹುದಾ?

ಉತ್ತರ: ಉಳಿದೆರಡು ಹೊಸದರಂತೆಯೇ ಇದ್ದರೆ ಸರಿ. ಇಲ್ಲವಾದರೆ ಮುಂದೆ ಹಿಂದೆ ಚಕ್ರದ ಸುತ್ತಳತೆ ಬೇರೆಯಾಗಿ ಕ್ಲಚ್ಚಿನ ಕಟ್ಟು ಬಿಸಿಯಾಗುತ್ತದೆ. ಮೊದಲಿಂದಲೇ ಟೈರುಗಳನ್ನು ಅದಲು ಬದಲು ಮಾಡುತ್ತಿರಿ.

ಪ್ರಶ್ನೆ: ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ಹಾಕಿ ಎತ್ತರಿಸಿದರೆ ಮಾಮೂಲಿ ಕಾರೇ ಕೆಸರಲ್ಲಿ ಹೋಗುತ್ತೆ ಅಂತಾರೆ.

ಉತ್ತರ: ಹಾಗೆ ಹೇಳುವವರು ಬಫರ್ ಮಾರುವವರು. ತಳ ನೆಲಕ್ಕೆ ತಾಗುವುದು ಸ್ವಲ್ಪ ಕಡಿಮೆಯಾದೀತು, ಚಕ್ರಕ್ಕೆ ಹಿಡಿತ ಬರುವುದಿಲ್ಲ. ಸ್ಪ್ರಿಂಗ್ ಆಡುವ ಜಾಗ ಕಡಿಮೆಯಾಗಿ ಗುಂಡಿಯಲ್ಲಿ ಚಕ್ರ ನೆಲ ಬಿಡುತ್ತದೆ. ಆ ಹಣದಲ್ಲಿ ಟೈರು ತಗೊಳ್ಳಿ.